ನಿಮಿಷಕ್ಕೆ ಎಷ್ಟು ನೀರು?



ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಗ್ನಿಶಾಮಕ ವಾಹನದ ಟ್ಯಾಂಕಿನಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ಹೊತ್ತಿಕೊಂಡ ಕಾರು, ಗುಜರಿ ಅಂಗಡಿ, ಹುಲ್ಲಿನ ಬಣವೆ, ಒಂದು ಮನೆ ಇಂಥವಕ್ಕೆ ಅಷ್ಟು ನೀರು ಬಹುಮಟ್ಟಿಗೆ ಸಾಕಾಗುತ್ತದೆ. ಸಾಲದಿದ್ದರೆ ಇನ್ನೊಂದು ವಾಹನ ಬರುತ್ತದೆ. 1965ರಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳ ಸೇವೆಗೆ ಇಳಿಸಿದ ಒಂದು ಯಂತ್ರ ನಿಮಿಷಕ್ಕೆ 33,000 ಲೀಟರಿಗೂ ಹೆಚ್ಚು ನೀರನ್ನು ದೂಡುತ್ತಿತ್ತು. ನಮ್ಮ ವಾಹನದ ಟ್ಯಾಂಕನ್ನು ಅದಕ್ಕೆ ಜೋಡಿಸಿದರೆ ಎಂಟು ಸೆಕೆಂಡಿನಲ್ಲಿ ಖಾಲಿ. ಬೆಂಗಳೂರಿನ ಬಡಾವಣೆಗಳಿಗೆ ನೀರು ತರುವ 12,000 ಲೀಟರಿನ ಟ್ಯಾಂಕರಾದರೆ ಇಪ್ಪತ್ತೆರಡು ಸೆಕೆಂಡು.

ಇಷ್ಟು ನೀರು ಯಾವ ಬೆಂಕಿಗೆ ಬೇಕು, ಅದನ್ನು ಎಲ್ಲಿಂದ ತರುತ್ತಾರೆ, ಹೇಗೆ ಸಾಗಿಸುತ್ತಾರೆ ಎನ್ನುವುದು ಈ ಹೊತ್ತಿನ ಮಾತು. ಕಾಲೇಜಿನಲ್ಲಿ ದ್ರವಗತಿಶಾಸ್ತ್ರ ಪಾಠ ಹೇಳಿದವನು ನಾನು. ಪಂಪು, ಕೊಳವೆ, ಒತ್ತಡ ಇವೇ ನನ್ನ ಸರಕು. ಈ ವಿಷಯದಲ್ಲಿ ನನಗೊಂದು ದೃಢವಾದ ಅಭಿಪ್ರಾಯವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದರ ಕಾರಣಗಳನ್ನು ನಿಮ್ಮ ಮುಂದಿಡುತ್ತೇನೆ. ನಗರಗಳು ದೊಡ್ಡ ಬೆಂಕಿಗೆ ಸಿದ್ಧವಾಗುತ್ತೇವೆ ಎಂದು ದೊಡ್ಡ ವಾಹನಗಳನ್ನು ಕೊಳ್ಳುತ್ತವೆ. ಆದರೆ ಬೆಂಕಿಯ ಜಾಗದಲ್ಲಿ ಸೋಲು ಗೆಲುವನ್ನು ತೀರ್ಮಾನಿಸುವುದು ದಪ್ಪ ಹೋಸು ಮತ್ತು ಬತ್ತದ ಜಲಮೂಲ. ಇವೆರಡೂ ಮೆರವಣಿಗೆಯಲ್ಲಿ ತೋರಿಸುವ ವಸ್ತುಗಳಲ್ಲವಾದ್ದರಿಂದ ಬಜೆಟ್ಟಿನಲ್ಲಿ ಕೊನೆಗೆ ಬರುತ್ತವೆ.

ಮೊದಲು ಶಾಖದ ಲೆಕ್ಕ. ಒಂದು ಲೀಟರ್ ನೀರು ಪೂರ್ತಿ ಆವಿಯಾಗುವ ಹೊತ್ತಿಗೆ ಸುಮಾರು 2.6 ಮೆಗಾಜೂಲ್ ಶಾಖವನ್ನು ಹೀರುತ್ತದೆ. ಒಂದು ಕಿಲೋ ಒಣ ಮರ ಉರಿದರೆ ಸುಮಾರು 16 ಮೆಗಾಜೂಲ್ ಹೊರಬರುತ್ತದೆ, ಪೆಟ್ರೋಲಿನಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ನಾವು ಎರಚಿದ ನೀರಿನಲ್ಲಿ ಬಹುಭಾಗ ಆವಿಯಾಗದೆ ನೆಲಕ್ಕೆ ಹರಿದುಹೋಗುತ್ತದೆ ಎನ್ನುವುದೂ ಗಮನದಲ್ಲಿರಲಿ. ಇಲ್ಲಿ ಮುಖ್ಯವಾದದ್ದು ವೇಗ. ಬೆಂಕಿ ನಿಮಿಷಕ್ಕೆ ಎಷ್ಟು ಶಾಖವನ್ನು ಹುಟ್ಟಿಸುತ್ತದೋ ಅದಕ್ಕೆ ಸಾಟಿಯಾಗುವಷ್ಟು ನೀರು ನಿಮಿಷನಿಮಿಷಕ್ಕೂ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಎರಡು ದಿನ ಸುರಿದರೂ ಬೆಂಕಿ ತನ್ನ ದಾರಿಯಲ್ಲಿ ತಾನು ಹೋಗುತ್ತದೆ. ಸುಡಲು ಏನೂ ಉಳಿಯದಾಗ ತಾನಾಗಿ ನಿಲ್ಲುತ್ತದೆ. ದೊಡ್ಡ ಗೋದಾಮು ಹೊತ್ತಿದಾಗ ಮೇಲಕ್ಕೇಳುವ ಬಿಸಿಗಾಳಿಯ ರಭಸಕ್ಕೆ ತೆಳುವಾದ ನೀರಿನ ಧಾರೆ ಹನಿಹನಿಯಾಗಿ ಚದುರಿ ಮೇಲೆಯೇ ಆವಿಯಾಗುತ್ತದೆ, ಬೆಂಕಿಯ ಬುಡವನ್ನು ಮುಟ್ಟುವುದೇ ಇಲ್ಲ. ಟೀವಿಯಲ್ಲಿ ‘ಇಪ್ಪತ್ತು ವಾಹನಗಳು ಸ್ಥಳದಲ್ಲಿವೆ’ ಎಂದು ಹೇಳುವುದನ್ನು ಕೇಳುತ್ತೇವೆ. ನಿಮಿಷಕ್ಕೆ ಎಷ್ಟು ಲೀಟರ್ ಬೆಂಕಿಯ ಮೇಲೆ ಬೀಳುತ್ತಿದೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಒಬ್ಬರು ವಿಲಿಯಂ ಫ್ರಾನ್ಸಿಸ್ ಗಿಬ್ಸ್. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಓದಿದ್ದು ಕಾನೂನು, ಬದುಕಿದ್ದು ಹಡಗುಗಳಿಗಾಗಿ. ನೌಕಾ ವಿನ್ಯಾಸವನ್ನು ಮುಖ್ಯವಾಗಿ ಸ್ವಂತ ಓದಿನಿಂದ ಕಲಿತ ಗಿಬ್ಸ್ 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮುರಿದ ‘ಯುನೈಟೆಡ್ ಸ್ಟೇಟ್ಸ್’ ಹಡಗನ್ನು ರೂಪಿಸಿದರು. ಬೆಂಕಿಯ ಬಗ್ಗೆ ಅವರಿಗಿದ್ದ ಭಯ ಆ ಹಡಗಿನ ಮೂಲೆಮೂಲೆಯಲ್ಲೂ ಕಾಣುತ್ತಿತ್ತು. ಸಾವಿರಾರು ಪ್ರಯಾಣಿಕರ ಆ ತೇಲುವ ಅರಮನೆಯಲ್ಲಿ ಮರದ ಪೀಠೋಪಕರಣಗಳೇ ಇರಲಿಲ್ಲ. ಪಿಯಾನೊ ಮತ್ತು ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವ ಮರದ ದಿಮ್ಮಿ ಬಿಟ್ಟರೆ ಉಳಿದದ್ದೆಲ್ಲ ಲೋಹ, ಗಾಜಿನ ನಾರು, ಬೆಂಕಿ ತಾಳುವ ಬಟ್ಟೆ. ಅದಕ್ಕೂ ಮೊದಲು 1938ರಲ್ಲಿ ನ್ಯೂಯಾರ್ಕಿಗಾಗಿ ‘ಫೈರ್ ಫೈಟರ್’ ಎಂಬ ಬೆಂಕಿ ನಂದಿಸುವ ದೋಣಿಯನ್ನು ಅವರು ವಿನ್ಯಾಸ ಮಾಡಿದ್ದರು. ನಿಮಿಷಕ್ಕೆ 20,000 ಅಮೆರಿಕನ್ ಗ್ಯಾಲನ್, ಅಂದರೆ 75,000 ಲೀಟರಿಗೂ ಮೀರಿ ನೀರು ಹಾರಿಸುತ್ತಿದ್ದ ದೋಣಿ ಅದು. ನದಿಯ ದಡದಲ್ಲಿ ಬೆಂಕಿ ಬಿದ್ದರೆ ಅದರಂಥ ಯಂತ್ರ ಬೇರೆ ಇಲ್ಲ. ಆದರೆ ದೋಣಿ ರಸ್ತೆಯ ಮೇಲೆ ಬರುವುದಿಲ್ಲ.

ದೋಣಿಯ ಶಕ್ತಿಯನ್ನು ಚಕ್ರದ ಮೇಲೆ ತರುವುದು, ಇದೇ ನಾನು ಮೊದಲಿಗೆ ಹೇಳಿದ 1965ರ ಯಂತ್ರದ, ಅಂದರೆ ಗಿಬ್ಸ್ ರೂಪಿಸಿದ ಸೂಪರ್ ಪಂಪರಿನ ಮೂಲ ಕಲ್ಪನೆ. ಮ್ಯಾಕ್ ಟ್ರಕ್ಸ್ ಕಂಪನಿ ಅದನ್ನು ಕಟ್ಟಿಕೊಟ್ಟಿತು. 8,75,000 ಡಾಲರ್ ಬೆಲೆಯ ಆ ವ್ಯವಸ್ಥೆಯಲ್ಲಿ ಐದು ವಾಹನಗಳಿದ್ದವು: ನೀರನ್ನು ಎಳೆದು ಒತ್ತುವ ಸೂಪರ್ ಪಂಪರ್, ಹೋಸನ್ನೂ ಒಂದು ಭಾರಿ ನೀರ್ಫಿರಂಗಿಯನ್ನೂ ಹೊತ್ತ ಸೂಪರ್ ಟೆಂಡರ್, ಅದರ ಜೊತೆಗೆ ‘ಸ್ಯಾಟಲೈಟ್’ ಎಂದು ಕರೆಯುತ್ತಿದ್ದ ಮೂರು ಚಿಕ್ಕ ವಾಹನಗಳು. ಒಂದೊಂದು ಸ್ಯಾಟಲೈಟಿನಲ್ಲೂ ನಾಲ್ಕೂವರೆ ಇಂಚು ವ್ಯಾಸದ ಹೋಸು 2,000 ಅಡಿ, ಬೆನ್ನಿನ ಮೇಲೆ ಒಂದು ಮಾನಿಟರ್, ಅಂದರೆ ಕೈಯಲ್ಲಿ ಹಿಡಿಯಲಾಗದಷ್ಟು ರಭಸದ ಧಾರೆಯನ್ನು ಹಾರಿಸುವ, ವಾಹನಕ್ಕೇ ಬಿಗಿದ ನಳಿಕೆ.

ಸೂಪರ್ ಪಂಪರಿನ ಒಳಗೆ ಸ್ವಲ್ಪ ಹೊತ್ತು ಇಣುಕಿ ನೋಡೋಣ. ಎಂಜಿನಿಯರನಾದ ನನಗೆ ಅಲ್ಲಿಂದ ಬೇಗ ಹೊರಬರಲು ಮನಸ್ಸಾಗುವುದಿಲ್ಲ. ಎಂಜಿನ್ ಬ್ರಿಟನ್ನಿನ ನೇಪಿಯರ್ ಡೆಲ್ಟಿಕ್. ನೌಕಾಪಡೆಯ ವೇಗದ ದೋಣಿಗಳಿಗೆಂದು ಹುಟ್ಟಿದ ಡೀಸೆಲ್ ಎಂಜಿನ್ ಅದು; ಬ್ರಿಟನ್ನಿನ ಹೆಸರಾಂತ ರೈಲ್ವೆ ಲೋಕೋಗಳಿಗೂ ಅದೇ ಉಸಿರು. ಸಿಲಿಂಡರುಗಳನ್ನು ತ್ರಿಕೋನದ ಮೂರು ಬದಿಗಳಂತೆ ಜೋಡಿಸಿ, ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್‌ಶಾಫ್ಟ್ ಕೂರಿಸಿದ್ದಾರೆ. ಪ್ರತಿ ಸಿಲಿಂಡರಿನಲ್ಲೂ ಎದುರುಬದುರಾಗಿ ಓಡಾಡುವ ಎರಡು ಪಿಸ್ಟನ್. 18 ಸಿಲಿಂಡರು, 36 ಪಿಸ್ಟನ್ನು, ವಾಲ್ವುಗಳೇ ಇಲ್ಲ. 2,400 ಅಶ್ವಶಕ್ತಿಯನ್ನು ಒಂದು ಟ್ರೈಲರಿನ ಮೇಲೆ ಇಡಲು ಸಾಧ್ಯವಾದದ್ದು ಆ ತ್ರಿಕೋನದಿಂದ. ಅದಕ್ಕೆ ಜೋಡಿಸಿದ್ದು ಡಿ ಲಾವಲ್ ಕಂಪನಿಯ ಆರು ಹಂತಗಳ ಸೆಂಟ್ರಿಫ್ಯೂಗಲ್ ಪಂಪು. ಅದು 350 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 8,800 ಗ್ಯಾಲನ್ ಕೊಡುತ್ತಿತ್ತು; ಒತ್ತಡವನ್ನು 700ಕ್ಕೆ ಏರಿಸಿದರೆ 4,400. ಏಕಕಾಲಕ್ಕೆ ಎಂಟು ಹೈಡ್ರಂಟುಗಳಿಂದ ನೀರು ಪಡೆಯಬಲ್ಲದು; ನದಿಯ ಅಂಚಿನಲ್ಲಿ ನಿಂತರೆ ನದಿಯಿಂದಲೇ ಎಳೆಯಬಲ್ಲದು.

ಸೂಪರ್ ಟೆಂಡರಿನ ಫಿರಂಗಿ ನಿಮಿಷಕ್ಕೆ 10,000 ಗ್ಯಾಲನ್ ತಾಳುವಂಥದು. ಪಂಪಿನ ಪೂರ್ತಿ ನೀರು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಅದರ ಬಾಯಿಂದ ಹೊರಟರೆ ಹಿಂದಕ್ಕೆ ತಳ್ಳುವ ಬಲ ಎರಡು ಟನ್ನಿಗೂ ಮೀರುತ್ತದೆ. ನಮ್ಮ ಫೈರ್‌ಮನ್ ಕೈಯಲ್ಲಿ ಹಿಡಿಯುವ ಬ್ರಾಂಚಿನಲ್ಲಿ, ಅಂದರೆ ಹೋಸಿನ ತುದಿಯ ನಳಿಕೆಯಲ್ಲಿ, ಇದೇ ಬಲ ಸುಮಾರು ಮೂವತ್ತು ಕಿಲೋ. ಅಷ್ಟನ್ನೇ ಗಂಟೆಗಟ್ಟಲೆ ಹಿಡಿದು ನಿಲ್ಲಲು ಇಬ್ಬರು ಬೇಕು, ಬೂಟು ಜಾರದ ನೆಲ ಬೇಕು.

ಗಿಬ್ಸ್ 1967ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಸೂಪರ್ ಪಂಪರ್ 1982ರವರೆಗೆ ಕೆಲಸ ಮಾಡಿ ನಿವೃತ್ತವಾಯಿತು. ಆ ಜಾತಿಯ ಯಂತ್ರ ಪ್ರಪಂಚದಲ್ಲಿ ಅದೊಂದೇ. ಅಂಥ ಒಂಟಿ ಯಂತ್ರಕ್ಕೆ ವಯಸ್ಸಾದರೆ ನೋಡಿಕೊಳ್ಳುವುದು ಕಷ್ಟ. ಆಮೇಲೆ ನ್ಯೂಯಾರ್ಕ್ ಏನು ಮಾಡಿತು ಎನ್ನುವುದು ನನ್ನ ವಾದದ ಕೇಂದ್ರ. ಇನ್ನೊಂದು ಸೂಪರ್ ಪಂಪರನ್ನು ಅದು ಕೊಳ್ಳಲಿಲ್ಲ. ಸ್ಯಾಟಲೈಟುಗಳನ್ನು ಉಳಿಸಿಕೊಂಡಿತು, ಹೆಚ್ಚಿಸಿತು. ನಿಮಿಷಕ್ಕೆ 2,000 ಗ್ಯಾಲನ್ ಕೊಡುವ, ರಿಪೇರಿಗೆ ಸುಲಭವಾದ ಪಂಪರುಗಳನ್ನು ಅವುಗಳ ಜೊತೆಗೆ ಕೊಟ್ಟಿತು. ಹೋಸಿನ ವ್ಯಾಸ ನಾಲ್ಕೂವರೆ ಇಂಚಿನಿಂದ ಆರಿಂಚಿಗೆ ಏರಿತು. ಭವ್ಯವಾದ ಎಂಜಿನ್ ಹೋಯಿತು, ಹೋಸು ಹೊರುವ ಬಡ ವಾಹನ ಉಳಿಯಿತು.

ಯಾಕೆ ಹೀಗಾಯಿತು ಎನ್ನಲು ಒಂದು ಸೂತ್ರ ಸಾಕು. ಕೊಳವೆಯಲ್ಲಿ ಹರಿಯುವ ನೀರು ಗೋಡೆಗೆ ಉಜ್ಜಿಕೊಂಡು ಒತ್ತಡವನ್ನು ಕಳೆದುಕೊಳ್ಳುತ್ತದೆ. ಅಷ್ಟೇ ನೀರನ್ನು ಕಳಿಸುವುದಾದರೆ ಈ ನಷ್ಟ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ವ್ಯಾಸ ಎರಡು ಪಟ್ಟಾದರೆ ನಷ್ಟ ಮೂವತ್ತೆರಡರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎರಡೂವರೆ ಇಂಚಿನ ಹೋಸಿನ ಬದಲು ನಾಲ್ಕೂವರೆ ಇಂಚಿನದನ್ನು ಹಾಸಿದರೆ ಹತ್ತೊಂಬತ್ತರಲ್ಲಿ ಒಂದು ಭಾಗ. ಸಣ್ಣ ಹೋಸಿನ ಮೂಲಕ ಒಂದು ಕಿಲೋಮೀಟರ್ ದೂರಕ್ಕೆ ಹೆಚ್ಚು ನೀರು ಕಳಿಸಲು ಹೊರಟರೆ ಎಂಜಿನ್ನಿನ ಶಕ್ತಿಯೆಲ್ಲ ಹೋಸಿನ ಗೋಡೆಗೆ ಹೋಗುತ್ತದೆ. ದಪ್ಪ ಹೋಸಿಗೆ ಹಾಕಿದ ಹಣದಷ್ಟು ಲಾಭವನ್ನು ಬೇರೆ ಯಾವ ಖರ್ಚೂ ಕೊಡುವುದಿಲ್ಲ. ಅಗ್ನಿಶಾಮಕ ದಳದಲ್ಲಿ ಹಣದ ಅಧಿಕಾರ ಇರುವವರೆಲ್ಲ ಈ ಒಂದು ಸೂತ್ರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ದಪ್ಪ ಹೋಸಿಗೂ ಅದರದೇ ಕಷ್ಟಗಳಿವೆ. ಆರಿಂಚಿನ, ಅಂದರೆ 150 ಮಿಲಿಮೀಟರ್ ಹೋಸಿನ ಒಂದು ಮೀಟರಿನಲ್ಲಿ ಸುಮಾರು 17.7 ಲೀಟರ್ ನೀರು ನಿಲ್ಲುತ್ತದೆ. ನೂರು ಮೀಟರಿಗೆ ಒಂದೂಮುಕ್ಕಾಲು ಟನ್. ನೀರು ತುಂಬಿದ ಮೇಲೆ ಅದನ್ನು ಯಾರೂ ಅಲುಗಿಸಲಾರರು. ದಾರಿಯನ್ನು ಹಾಸುವ ಮೊದಲೇ ಸರಿಯಾಗಿ ನಿರ್ಧರಿಸಬೇಕು. ಮೂರು ಕಿಲೋಮೀಟರ್ ಹಾಸಿದರೆ ಹೋಸು ತುಂಬಲಿಕ್ಕೇ 53,000 ಲೀಟರ್ ಬೇಕು. ನಿಮಿಷಕ್ಕೆ 7,000 ಲೀಟರಿನ ಪಂಪು ಚಾಲೂ ಮಾಡಿದ ಮೇಲೆ ಆ ತುದಿಯಲ್ಲಿ ಮೊದಲ ಹನಿ ಕಾಣಲು ಏಳೂವರೆ ನಿಮಿಷ. ಬೆಂಕಿಯ ಎದುರು ಬ್ರಾಂಚ್ ಹಿಡಿದು ನಿಂತವರಿಗೆ ಅದು ಸಣ್ಣ ಹೊತ್ತಲ್ಲ. ಹೋಸಿನ ಮೇಲೆ ಲಾರಿ ಹತ್ತಬಾರದು, ರಸ್ತೆ ದಾಟುವಲ್ಲಿ ರ‍್ಯಾಂಪ್ ಇಡಬೇಕು, ತಿರುವುಗಳಲ್ಲಿ ಮಡಿಕೆ ಬೀಳದಂತೆ ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ನೀರು ಖಾಲಿ ಮಾಡಿ ಸುತ್ತಲು ಪ್ರತ್ಯೇಕ ಯಂತ್ರವೇ ಇದೆ.

ಇನ್ನು ಜಲಮೂಲದ ಮಾತು. ತೆರೆದ ಬಾವಿಗೆ ಪಂಪ್‌ಸೆಟ್ ಹಾಕಿಸಿದ ನಮ್ಮ ರೈತರಿಗೆ ಒಂದು ಸಂಗತಿ ಪುಸ್ತಕವಿಲ್ಲದೆ ಗೊತ್ತು. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ದಡದ ಮೇಲಿನ ಪಂಪು ನೀರೆತ್ತುವುದನ್ನು ನಿಲ್ಲಿಸುತ್ತದೆ. ಆಗ ಬಾವಿಯ ಒಳಗೇ ಅಟ್ಟ ಕಟ್ಟಿ ಪಂಪನ್ನು ಕೆಳಗಿಳಿಸುತ್ತಿದ್ದರು. ಪಂಪು ನೀರನ್ನು ‘ಎಳೆಯುತ್ತದೆ’ ಎನ್ನುತ್ತೇವೆ, ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿ ಅದರ ಕೊನೆಯ ಮಿತಿ 10.3 ಮೀಟರ್, ಬಳಕೆಯಲ್ಲಿ ಏಳು, ಏಳೂವರೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಕೊನೆಯ ಮಿತಿಯೇ ಸುಮಾರು 9.2 ಮೀಟರಿಗೆ ಇಳಿಯುತ್ತದೆ; ಬಳಕೆಯಲ್ಲಿ ಆರು, ಆರೂವರೆಗಿಂತ ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ಕೆರೆಯ ಏರಿಯ ಮೇಲೆ ನಿಂತ ಫೈರ್ ಎಂಜಿನ್ನಿಗೂ ಇದೇ ಕಟ್ಟಳೆ. ನಮ್ಮ ರೈತರು ಕೊಳವೆಬಾವಿಗೆ ಸಬ್‌ಮರ್ಸಿಬಲ್ ಇಳಿಸಿ ಈ ಮಿತಿಯಿಂದ ಪಾರಾದರು. ನೆದರ್‌ಲ್ಯಾಂಡ್ಸಿನ ಹೈಟ್ರಾನ್ಸ್ ಕಂಪನಿಯ ಹೈಡ್ರೋಸಬ್ ಮಾಡುವುದೂ ಅದನ್ನೇ. ಎಂಜಿನ್ ದಡದ ಮೇಲಿರುತ್ತದೆ; ಪಂಪು ಮಾತ್ರ ಹೈಡ್ರಾಲಿಕ್ ಎಣ್ಣೆಯ ಕೊಳವೆಗಳ ಜೊತೆಗೆ ನೀರಿಗೆ ಇಳಿದು ಅಲ್ಲಿಂದ ಮೇಲಕ್ಕೆ ಒತ್ತುತ್ತದೆ. ವಾಹನ ನೀರಿನ ಅಂಚಿಗೇ ಬರಬೇಕಾಗಿಲ್ಲ, ಸೇತುವೆಯ ಮೇಲೆ ನಿಂತೂ ಕೆಲಸ ಮಾಡಬಹುದು.

2001ರ ನ್ಯೂಯಾರ್ಕ್ ದಾಳಿಯ ನಂತರ ಬ್ರಿಟನ್ ಸರಕಾರ ಇಂಥ ಪಂಪುಗಳನ್ನು ದೇಶದ ಬೇರೆ ಬೇರೆ ಅಗ್ನಿಶಾಮಕ ದಳಗಳಿಗೆ ಹಂಚಿತು. ಒಂದೊಂದು ಪಂಪೂ ನಿಮಿಷಕ್ಕೆ 7,000 ಲೀಟರಿನದು, ಜೊತೆಗೆ ಕಿಲೋಮೀಟರುಗಟ್ಟಲೆ ದಪ್ಪ ಹೋಸು. 2005ರ ಡಿಸೆಂಬರ್ 11ರ ಬೆಳಗಿನ ಜಾವ ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರ ಸ್ಫೋಟಿಸಿದಾಗ ಅವು ದೊಡ್ಡ ಪರೀಕ್ಷೆಗೆ ಒಳಗಾದವು. ಇಪ್ಪತ್ತರಷ್ಟು ಟ್ಯಾಂಕುಗಳು ಒಟ್ಟಿಗೆ ಉರಿಯುತ್ತಿದ್ದವು. ಎರಡು ಕಿಲೋಮೀಟರಿಗೂ ದೂರದ ಜಲಾಶಯದಿಂದ ಆರು ಪಂಪುಗಳು ನಿಮಿಷಕ್ಕೆ 25,000 ಲೀಟರ್ ನೀರನ್ನು ಎತ್ತಿದವು. ದಾರಿಯಲ್ಲಿ ಒತ್ತಡ ಕುಗ್ಗದಂತೆ ಇನ್ನಷ್ಟು ಪಂಪುಗಳು ನಡುನಡುವೆ ನಿಂತವು. ಈ ಬಗೆಯ ಸರಣಿ ನಮಗೆ ಹೊಸದಲ್ಲ. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಏರಿ ಬೆಂಗಳೂರಿಗೆ ಬರುವುದೂ ಇದೇ ಕ್ರಮದಲ್ಲಿ. ಬನ್ಸ್‌ಫೀಲ್ಡಿನಲ್ಲಿ ಆಶ್ಚರ್ಯವೆನ್ನಿಸುವುದು ಅಂಥ ಒಂದು ಏತ ನೀರಾವರಿಯನ್ನು ಗಂಟೆಗಳ ಲೆಕ್ಕದಲ್ಲಿ, ರಸ್ತೆ ಹೊಲಗಳ ಮೇಲೆ, ಬೇರೆ ಬೇರೆ ಊರುಗಳಿಂದ ಬಂದ ತಂಡಗಳು ಕೂಡಿ ಕಟ್ಟಿದ್ದು. ಅದೇ ಪಂಪುಗಳು 2007ರ ಪ್ರವಾಹದಲ್ಲಿ ಗ್ಲಾಸ್ಟರಿನ ವಾಲ್ಹಮ್ ವಿದ್ಯುತ್ ಉಪಕೇಂದ್ರದ ನೀರನ್ನು ಹೊರಹಾಕಿ ಅದನ್ನು ಉಳಿಸಿದವು. 2019ರಲ್ಲಿ ವೇಲಿ ಬ್ರಿಜ್ ಊರಿನ ಮೇಲಿದ್ದ ಅಣೆಕಟ್ಟಿಗೆ ಹಾನಿಯಾದಾಗ ಜಲಾಶಯದ ಮಟ್ಟವನ್ನು ಇಳಿಸಿದವು. ಬೆಂಕಿಗೆಂದು ಕೊಂಡದ್ದು ನೆರೆಗೂ ಒದಗುತ್ತದೆ. ಮಳೆಗಾಲದಲ್ಲಿ ಬಡಾವಣೆಗಳು ಮುಳುಗುವ ನಮ್ಮ ನಗರಗಳಿಗೆ ಇದು ಬಹಳ ಮುಖ್ಯವಾದ ಮಾತು.

ಬನ್ಸ್‌ಫೀಲ್ಡಿನ ನಾಲ್ಕು ವರ್ಷಗಳ ಮೇಲೆ, 2009ರ ಅಕ್ಟೋಬರ್ 29ರ ಸಂಜೆ, ಜೈಪುರದ ಸೀತಾಪುರ ಕೈಗಾರಿಕಾ ಪ್ರದೇಶದ ತೈಲ ಸಂಗ್ರಹಾಗಾರ ಬಹುಮಟ್ಟಿಗೆ ಅದೇ ರೀತಿಯಲ್ಲಿ ಸ್ಫೋಟಿಸಿತು. ಅಲ್ಲಿ ಬೆಂಕಿಯನ್ನು ಇಂಧನ ಮುಗಿಯುವವರೆಗೆ ಉರಿಯಲು ಬಿಡಬೇಕೆಂದು ತೀರ್ಮಾನವಾಯಿತು. ಹತ್ತು ದಿನಕ್ಕೂ ಹೆಚ್ಚು ಉರಿಯಿತು. ಜೈಪುರದವರು ಹೇಡಿಗಳು, ಬ್ರಿಟನ್ನಿನವರು ವೀರರು ಎಂದು ಯಾರೂ ತಿಳಿಯಬಾರದು. ಉರಿಯಲು ಬಿಡುವುದು ಎಷ್ಟೋ ಸಲ ವಿವೇಕದ ನಿರ್ಧಾರ. ಬನ್ಸ್‌ಫೀಲ್ಡಿನಲ್ಲಿ ಸುರಿದ ನೊರೆಯ ರಾಸಾಯನಿಕ ಅಂತರ್ಜಲಕ್ಕೆ ಇಳಿದು ಬೇರೆಯೇ ಒಂದು ದೀರ್ಘ ಸಮಸ್ಯೆಯಾಯಿತು. ನನ್ನ ಮಾತು ಇಷ್ಟೇ: ಒಬ್ಬ ಅಧಿಕಾರಿಗೆ ಎರಡೂ ದಾರಿ ತೆರೆದಿದ್ದು, ತೂಗಿ ನೋಡಿ ಒಂದನ್ನು ಬಿಟ್ಟರೆ ಅದು ನಿರ್ಧಾರ. ನೀರು ಸಾಗಿಸುವ ಸಾಧನವೇ ಇಲ್ಲದಿದ್ದರೆ ಆರಿಸಿಕೊಳ್ಳಲು ಅವರ ಮುಂದೆ ಏನಿರುತ್ತದೆ?

ನೀರು ಹೆಚ್ಚಾದರೂ ಅನಾಹುತವೇ. ಇದಕ್ಕೆ ನಮ್ಮ ದೇಶದ್ದೇ ಭೀಕರವಾದ ಉದಾಹರಣೆಯಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನ ಹತ್ತಿಯ ಮೂಟೆಗಳಿಗೆ ಬೆಂಕಿ ಬಿತ್ತು. ಅದೇ ಹಡಗಿನಲ್ಲಿ ಸಾವಿರ ಟನ್ನಿಗೂ ಮೀರಿದ ಸ್ಫೋಟಕಗಳು. ಸಿಬ್ಬಂದಿ 900 ಟನ್ನಿಗೂ ಹೆಚ್ಚು ನೀರನ್ನು ಹಡಗಿನೊಳಗೆ ಹರಿಸಿದರು. ಹೊಗೆಯ ನಡುವೆ ಬೆಂಕಿಯ ಬುಡ ಎಲ್ಲಿದೆ ಎಂದು ಕಾಣದೆ, ನೀರು ಬೀಳಬೇಕಾದ ಕಡೆ ಬೀಳಲಿಲ್ಲ. ಉರಿಯುವ ಹತ್ತಿ ನೀರಿನ ಮೇಲೆ ತೇಲಿ ಮೇಲಕ್ಕೆ, ಸ್ಫೋಟಕಗಳತ್ತ ಏರಿತು. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಆದ ಎರಡು ಸ್ಫೋಟಗಳಲ್ಲಿ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು. ಪ್ರತಿ ಏಪ್ರಿಲ್ 14ರಂದು ನಮ್ಮ ಕರ್ನಾಟಕದ ಠಾಣೆಗಳಲ್ಲೂ ಅಗ್ನಿಶಾಮಕ ಸೇವಾ ದಿನ ನಡೆಯುವುದು ಅವರ ನೆನಪಿಗೆ. ಒಮ್ಮೆಯಾದರೂ ಹತ್ತಿರದ ಠಾಣೆಗೆ ಹೋಗಿ ಆ ಕಾರ್ಯಕ್ರಮದಲ್ಲಿ ನಿಂತು ಬನ್ನಿ ಎಂದು ಇಲ್ಲಿರುವ ತರುಣರಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನು ಕಪ್ಲಿಂಗ್, ಅಂದರೆ ಹೋಸನ್ನು ಜೋಡಿಸುವ ತುದಿ; ಅದರ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರದ ನಡುಭಾಗ ಹೊತ್ತಿ ಉರಿಯುವಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕುಗಳಿಂದ ನೆರವಿನ ತಂಡಗಳು ರೈಲಿನಲ್ಲಿ ಬಂದವು. ಅವುಗಳಲ್ಲಿ ಅನೇಕ ತಂಡಗಳ ಹೋಸಿನ ತಿರುಪುಗಳು ಬಾಲ್ಟಿಮೋರಿನ ಹೈಡ್ರಂಟಿಗೆ ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ನಮ್ಮಲ್ಲೂ ಪಕ್ಕದ ಜಿಲ್ಲೆಯ ವಾಹನ, ಕಾರ್ಖಾನೆಯ ಸ್ವಂತ ವಾಹನ, ವಿಮಾನ ನಿಲ್ದಾಣದ ವಾಹನ ಒಂದೇ ಕಡೆ ಸೇರಿದಾಗ ಎಲ್ಲದರ ಕಪ್ಲಿಂಗೂ ಕೂಡಿಕೊಳ್ಳುತ್ತದೆಯೇ ಎಂದು ವರ್ಷಕ್ಕೊಮ್ಮೆ ಜೋಡಿಸಿ ನೋಡುವುದಕ್ಕೆ ಒಂದು ಬೆಳಗ್ಗೆ ಸಾಕು.

ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಮಾತ್ರ ಬಿಡಿಸಿ ಹೇಳಬೇಕಾದದ್ದು. 1906ರ ಏಪ್ರಿಲ್ 18ರ ಭೂಕಂಪದಲ್ಲಿ ಆ ನಗರದ ನೀರಿನ ಮುಖ್ಯ ಕೊಳವೆಗಳು ಒಡೆದವು. ಮೂರು ದಿನ ಊರು ಉರಿಯಿತು. ಬೆಂಕಿಗೆಂದೇ ಪ್ರತ್ಯೇಕ ನೀರಿನ ಜಾಲ ಬೇಕೆಂದು ಮೊದಲಿನಿಂದ ಒತ್ತಾಯಿಸುತ್ತಿದ್ದ ಅಗ್ನಿಶಾಮಕ ಮುಖ್ಯಸ್ಥ ಡೆನಿಸ್ ಸಲಿವನ್ ಆ ಭೂಕಂಪದಲ್ಲೇ ತೀವ್ರವಾಗಿ ಗಾಯಗೊಂಡು ಕೆಲವೇ ದಿನಗಳಲ್ಲಿ ಸತ್ತರು. ಅವರು ಕೇಳಿದ್ದನ್ನು ನಗರ ಆಮೇಲೆ ಕಟ್ಟಿತು. ಟ್ವಿನ್ ಪೀಕ್ಸ್ ಬೆಟ್ಟದ ಮೇಲೆ ಸುಮಾರು ನಾಲ್ಕು ಕೋಟಿ ಲೀಟರಿನ ಜಲಾಶಯ, ಅದರ ಕೆಳಗೆ ಎರಡು ಟ್ಯಾಂಕು, ಸಮುದ್ರದ ನೀರನ್ನೇ ಒತ್ತುವ ಎರಡು ಪಂಪ್‌ಹೌಸ್, ಅಧಿಕ ಒತ್ತಡ ತಾಳುವ ಕೊಳವೆಗಳು. ರಸ್ತೆ ಕೂಡುವ ಜಾಗಗಳಲ್ಲಿ ನೆಲದೊಳಗೆ ನೂರಕ್ಕೂ ಹೆಚ್ಚು ತೊಟ್ಟಿಗಳು. ತೊಟ್ಟಿ ಇರುವ ಕಡೆ ರಸ್ತೆಯ ಮೇಲೆ ಇಟ್ಟಿಗೆಯ ವೃತ್ತ ಕೂರಿಸಿದ್ದಾರೆ, ಇಂದಿಗೂ ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ ಆ ವೃತ್ತಗಳ ಮೇಲೆ ನಡೆದಾಡಿರುತ್ತಾರೆ.

1989ರ ಅಕ್ಟೋಬರ್ 17ರ ಸಂಜೆ ಮತ್ತೆ ಭೂಮಿ ನಡುಗಿತು. ಅಷ್ಟು ಜತನದಿಂದ ಕಟ್ಟಿದ ಜಾಲದಲ್ಲೂ ಕೆಲವು ಕೊಳವೆಗಳು ಒಡೆದು, ಕೆಳಗಿನ ಭಾಗಕ್ಕೆ ನೀರುಣಿಸುವ ಟ್ಯಾಂಕು ಬರಿದಾಯಿತು. ಮರೀನಾ ಬಡಾವಣೆಯಲ್ಲಿ ಮನೆಗಳು ಉರಿಯುತ್ತಿದ್ದವು, ಹೈಡ್ರಂಟಿನಲ್ಲಿ ನೀರಿಲ್ಲ. ಆಗ ಎರಡು ಸಾಧನಗಳು ಕೂಡಿಕೊಂಡವು. ಒಂದು, ‘ಫೀನಿಕ್ಸ್’ ಎಂಬ ಹಳೆಯ ಬೆಂಕಿದೋಣಿ. ಇನ್ನೊಂದು, ಫ್ರಾಂಕ್ ಬ್ಲ್ಯಾಕ್‌ಬರ್ನ್ ಎಂಬ ಅಗ್ನಿಶಾಮಕ ಅಧಿಕಾರಿ ರೂಪಿಸಿದ್ದ ಹೋಸ್ ಟೆಂಡರುಗಳು: ಐದು ಇಂಚಿನ ಹೋಸನ್ನು ಹೊತ್ತ ವಾಹನ, ಜೊತೆಗೆ ಹೋಸಿನ ನಡುವೆ ಎಲ್ಲಿ ಬೇಕಾದರೂ ಜೋಡಿಸಬಹುದಾದ ಕಿರು ಹೈಡ್ರಂಟುಗಳು. ದೋಣಿ ದಡಕ್ಕೆ ಬಂತು. ಟೆಂಡರುಗಳು ಅಲ್ಲಿಂದ ಬೆಂಕಿಯವರೆಗೆ ಹೋಸು ಹಾಸಿದವು. ರಸ್ತೆಯಲ್ಲಿದ್ದ ಸಾಮಾನ್ಯ ಜನ ಹೆಗಲು ಕೊಟ್ಟು ಎಳೆದರು. ಕೊಲ್ಲಿಯ ಉಪ್ಪುನೀರು ಆ ಬೀದಿಗಳಲ್ಲಿ ಹರಿಯಿತು. ಆ ರಾತ್ರಿ ಗಾಳಿ ಹೆಚ್ಚು ಬೀಸದಿದ್ದದ್ದೂ ಒಂದು ಪುಣ್ಯ. ನೆಲದೊಳಗಿನ ಜಾಲ ಎಷ್ಟೇ ಗಟ್ಟಿಯಾದರೂ ನೆಲದ ಮೇಲೆ ಹಾಸುವ ಜಾಲ ಒಂದು ಸಿದ್ಧವಾಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣ ನನಗೆ ಗೊತ್ತಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲೂ ಗೋಪುರಗಳು ಕುಸಿದು ಹೈಡ್ರಂಟುಗಳು ಸತ್ತಾಗ, ನಿವೃತ್ತಿಯಾಗಿ ಖಾಸಗಿಯವರ ಆರೈಕೆಯಲ್ಲಿದ್ದ 1931ರ ‘ಜಾನ್ ಜೆ. ಹಾರ್ವೆ’ ದೋಣಿ ಮರಳಿ ಬಂದು ಹಡ್ಸನ್ ನದಿಯ ನೀರನ್ನು ಒದಗಿಸಿತು.

ನಮ್ಮ ನಗರಗಳ ಬಗ್ಗೆ ಹೇಳಿ ಮುಗಿಸುತ್ತೇನೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಬೀದಿಯ ಹೈಡ್ರಂಟನ್ನು ನೆಚ್ಚಿಕೊಳ್ಳಲಾಗದು; ಬೆಂಕಿ ಬೀಳುವ ಹೊತ್ತಿಗೆ ಕೊಳವೆ ಒಣಗಿರಬಹುದು. ಟ್ಯಾಂಕರುಗಳನ್ನು ಸಾಲಾಗಿ ಕರೆಸುವುದು ನಮ್ಮ ರೂಢಿ. ನಿಮಿಷಕ್ಕೆ ಬರಿಯ 7,000 ಲೀಟರ್ ಬೇಕೆಂದರೂ 12,000 ಲೀಟರಿನ ಟ್ಯಾಂಕರ್ ಎರಡು ನಿಮಿಷಕ್ಕೂ ಮೊದಲೇ ಬದಲಾಗುತ್ತಿರಬೇಕು. ಪೀಣ್ಯದ ಒಳರಸ್ತೆಗಳಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿ ಓಡಾಡಿದವರು ಹೇಳಲಿ. ಆದರೆ ಬೆಂಗಳೂರಿಗೆ ಕೆರೆಗಳಿವೆ. ಮಂಗಳೂರಿಗೆ ಎರಡು ನದಿ, ಒಂದು ಸಮುದ್ರ. ಪಣಂಬೂರಿನ ಸುತ್ತ ತೈಲದ ಟ್ಯಾಂಕುಗಳೂ ಇವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುವ ಕೊಳವೆಯಿದೆ. ದಿನಕ್ಕೆ 44 ಕೋಟಿ ಲೀಟರ್ ಸಾಗಿಸುವ ಯೋಜನೆ ಅದು. ನಿಮಿಷಕ್ಕೆ ಲೆಕ್ಕ ಹಾಕಿದರೆ ಮೂರು ಲಕ್ಷ ಲೀಟರ್, ಒಂಬತ್ತು ಸೂಪರ್ ಪಂಪರುಗಳಷ್ಟು. ಆ ಕೊಳವೆ ಹಾದುಹೋಗುವ ದಾರಿಯಲ್ಲಿ ಕೆಲವು ಕಡೆ ವಾಲ್ವು ಕೂರಿಸಿ, ಅಗ್ನಿಶಾಮಕ ಹೋಸಿಗೆ ಹೊಂದುವ ಕಪ್ಲಿಂಗ್ ಕೊಟ್ಟರೆ, ನಗರದ ಪೂರ್ವದ ಅಂಚಿಗೆ ಕುಡಿಯುವ ನೀರಿನ ಒಂದು ಹನಿಯನ್ನೂ ಮುಟ್ಟದ ಜಲಮೂಲ ಸಿಗುತ್ತದೆ. ಹೊಸದಾಗಿ ಇಂಥ ಕೊಳವೆ ಹಾಕುವಾಗಲೇ ಇದನ್ನು ಸೇರಿಸಿದರೆ ಖರ್ಚು ಇನ್ನೂ ಕಡಿಮೆ.

ಕೆರೆಗಳ ವಿಷಯದಲ್ಲಿ ಆಗಬೇಕಾದದ್ದು ಇದಕ್ಕಿಂತ ಸರಳ. ಪ್ರತಿ ದೊಡ್ಡ ಕೆರೆಯ ಬಳಿಯೂ ಹದಿನೈದು ಇಪ್ಪತ್ತು ಟನ್ನಿನ ವಾಹನ ಹೂತುಹೋಗದೆ ನಿಲ್ಲುವಂಥ ಕಾಂಕ್ರೀಟ್ ಕಟ್ಟೆ ಒಂದಾದರೂ ಬೇಕು. ಅಲ್ಲಿಗೆ ತಲುಪುವಷ್ಟು ಅಗಲದ ಗೇಟು ಬೇಕು. ಈಗ ಬೇಲಿ, ನಡಿಗೆಯ ಹಾದಿ, ಒಬ್ಬೊಬ್ಬರೇ ನುಸುಳುವ ಬಾಗಿಲು ಮಾಡಿ ಕೆರೆಯನ್ನು ಚೆಂದಗಾಣಿಸುತ್ತೇವೆ. ಫೈರ್ ಎಂಜಿನ್ನಿಗೆ ಜಾಗ ಬಿಡುವುದು ಯಾರಿಗೂ ನೆನಪಾಗುವುದಿಲ್ಲ. ಹೂಳು, ಜೊಂಡು, ಪ್ಲಾಸ್ಟಿಕ್ಕು ಪಂಪಿನ ಸ್ಟ್ರೈನರಿಗೆ ಸಿಕ್ಕಿಕೊಳ್ಳದಂತೆ ಆ ಜಾಗದಲ್ಲಿ ಗುಂಡಿ ತೆಗೆದು ಆಳ ಕಾಪಾಡಿಕೊಳ್ಳಬೇಕು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಮೀಟರ್ ನೀರು ನಿಲ್ಲುತ್ತದೆ, ಕಟ್ಟೆಯಿಂದ ನೀರಿನ ಮಟ್ಟ ಎಷ್ಟು ಕೆಳಗಿರುತ್ತದೆ ಎಂದು ಪ್ರತಿ ಬೇಸಿಗೆಯಲ್ಲೂ ಅಳೆದು ಹತ್ತಿರದ ಠಾಣೆಯ ನಕ್ಷೆಯಲ್ಲಿ ಗುರುತಿಸಬೇಕು. ಅಳೆಯುವ ಕೆಲಸಕ್ಕೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬರುತ್ತಾರೆ. ನಾನು ಪಾಠ ಹೇಳಿದ ಹುಡುಗ ಹುಡುಗಿಯರನ್ನು ಕಂಡಿರುವ ಬಲದಿಂದ ಈ ಮಾತು ಹೇಳುತ್ತಿದ್ದೇನೆ. ಅಳತೆಯ ಕೋಲು, ಹಗ್ಗ, ಒಂದು ನೋಟ್‌ಬುಕ್ ಇದ್ದರೆ ಮುಂದಿನ ಬೇಸಿಗೆಯಲ್ಲೇ ಶುರು ಮಾಡಬಹುದು.